ಸೆಖೆಯ ಊರಿನಲ್ಲಿ ಬೆಳ್ಳಗಾದ ಬೆರಳು

ಮುಂಬೈಗೆ ಬಂದ ಮೊದಲ ವಾರ, ಬೆವರು ಆರದ ಮೇ ತಿಂಗಳಲ್ಲಿ, ನನ್ನ ಬೆರಳುಗಳು ಹೆಣದ ಬೆರಳಿನಂತೆ ಬೆಳ್ಳಗಾದವು. ಸಾಂತಾಕ್ರೂಜ್‌ನ ಹೋಟೆಲೊಂದರ ಕೋಲ್ಡ್ ರೂಮಿನಲ್ಲಿ ತರಕಾರಿ ಆರಿಸುವ ಕೆಲಸ ಸಿಕ್ಕಿತ್ತು. ಕೈಯಲ್ಲಿ ಹೂಕೋಸು ಇತ್ತು, ಇರುವುದೇ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಬೆರಳು ನೀಲಿಯಾದವು, ಆಮೇಲೆ ಕೆಂಪಾಗಿ ಖಾರ ಹಚ್ಚಿದಂತೆ ಉರಿದವು.

"ಎಂತ ಮಾರಾಯ್ತಿ, ಕೈ ಹೀಗಾದದ್ದು?" ಎಂದರು ಉಡುಪಿ ಕಡೆಯ ಮ್ಯಾನೇಜರ್ ಶೆಟ್ಟರು.

"ಗೊತ್ತಿಲ್ರೀ. ಊರಾಗ ಚಳಿಗಾಲಕ್ಕ ಜುಮ್ ಅಂತಿದ್ವು, ಹಿಂಗ ಆಗಿದ್ದಿಲ್ಲ."

ಗೋಕಾಕದ ಹತ್ತಿರದ ನಮ್ಮೂರಿನಲ್ಲಿ ಕೈ ಜುಮ್ಮೆಂದರೆ ಒಲೆಯ ಮುಂದೆ ಕೂರುತ್ತಿದ್ದೆವು. ಇಲ್ಲಿ ವಡಾಲದ ವಠಾರದಂಥ ಚಾಳಿನಲ್ಲಿ ನಮ್ಮದು ಒಂದೇ ಖೋಲಿ, ಅಂದರೆ ಕೋಣೆ. ಸೆಖೆಗೆ ಅದರ ಗೋಡೆಯೂ ಬಿಸಿ. ಗಂಡ ಕಟ್ಟಡದ ಕೆಲಸದಲ್ಲಿ ಬಿಸಿಲಿಗೆ ಬೇಯುತ್ತಿದ್ದ. ಅದೇ ಊರಿನಲ್ಲಿ ನಾನು ಚಳಿಗೆ ಸೆಟೆಯುತ್ತಿದ್ದೆ.

ಶೆಟ್ಟರೇ ಒಬ್ಬ ಡಾಕ್ಟರ ಹತ್ತಿರ ಕಳಿಸಿದರು. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ ಆಕೆ, ತಡೆತಡೆದು ಮಾತಾಡಿದಳು.

"ದೇಖೋ ಆಂಟಿ, ರಕ್ತನಾಳದ ಸುತ್ತ ಮಸಲ್ ಇರ್ತದೆ. ಥಂಡಿ ಆದ್ರೆ ನರಗಳು ಅದಕ್ಕೆ 'ಬಿಗಿ ಹಿಡಿ' ಅಂತಾವೆ. ನಾಳದ ಒಳಗಿನ ಪದರ ನೈಟ್ರಿಕ್ ಆಕ್ಸೈಡ್ ಅಂತ ಒಂದು ಗ್ಯಾಸ್ ಮಾಡ್ತದೆ. ಅದು 'ಛೋಡ್ ದೋ, ಸಡಿಲ ಬಿಡು' ಅಂತದೆ. ಎರಡೂ ಬೇಕು. ನಿಮ್ಮ ಬೆರಳಲ್ಲಿ ನರಗಳ ಆವಾಜ್ ಜಾಸ್ತಿ."

"ಥಂಡ್ಯಾಗ ಹೋಗದಿದ್ರ ಸಾಕೇನ್ರೀ?"

"ಟೆನ್ಷನ್, ದುಃಖ ಆದ್ರೂ ನರಗಳು ಹಾಗೇ ಮಾಡ್ತಾವೆ. ಅದನ್ನ ಹೇಗೆ ಬಂದ್ ಮಾಡೋದು?"

ಕೋಲ್ಡ್ ರೂಮಿನ ಕೆಲಸ ಹೋಯಿತು. ಬೇರೆ ಜಾಗ ಖಾಲಿ ಇಲ್ಲವೆಂದು ಹೇಳುವಾಗ ಶೆಟ್ಟರು ನನ್ನ ಮುಖ ನೋಡಲಿಲ್ಲ. ಬಹಳ ಅಲೆದ ಮೇಲೆ ವಡಾಲದಲ್ಲೇ ಒಂದು ಪೋಳಿ-ಭಾಜಿ ಅಂಗಡಿಯಲ್ಲಿ ಬೇಯಿಸುವ ಕೆಲಸ ಹಿಡಿದೆ. ಇಲ್ಲಿ ಪೋಳಿ ಎಂದರೆ ನಮ್ಮ ಹೋಳಿಗೆಯಲ್ಲ, ಬರೀ ಚಪಾತಿ. ಹೆಂಚಿನ ಕಾವಿಗೆ ಬೆರಳುಗಳು ಮೊದಲಿನಂತಾದವು. ಒಂದು ದಿನ ಜೋಳದ ರೊಟ್ಟಿ ಬಡಿದೆ. ಜನ ಕೇಳಿ ತಿಂದರು. ಆದರೆ ನಮ್ಮೂರಿನಂತೆ ಬಡಿಯುವ ಸಪ್ಪಳ ಕೇಳಿ ಒಳಗೆ ಬಂದು ಕೂರುವವರು ಇಲ್ಲಿ ಯಾರಿದ್ದಾರೆ?

ಮಾರ್ಗಶಿರದಲ್ಲಿ ಅಕ್ಕನ ಫೋನ್ ಬಂತು. "ಅವ್ವ ಹೋದಳವ್ವ," ಎಂದಳು. ಮುಂದೆ ಅಳು ಬಿಟ್ಟು ಏನೂ ಕೇಳಲಿಲ್ಲ. ಉರಿಯುವ ಹೆಂಚಿನ ಪಕ್ಕದಲ್ಲಿ ನಿಂತಿದ್ದೆ. ಕಣ್ಣಲ್ಲಿ ನೀರು ಬರುವ ಮೊದಲೇ ಬೆರಳು ಬೆಳ್ಳಗಾದವು.

ಊರಿಗೆ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮರುದಿನ ನಸುಕಿನಲ್ಲಿ ಅಂಗಳದ ನಳದ ಕೆಳಗೆ ಪಾತ್ರೆ ತೊಳೆಯಲು ಕುಂತೆ. ಹುಟ್ಟಿದ ಮನೆಯ ನೀರು. ಬೆರಳುಗಳು ಅದನ್ನೂ ತಾಳಲಿಲ್ಲ. ಅಕ್ಕ ಓಡಿಬಂದು ನನ್ನ ಎರಡೂ ಕೈ ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ರಕ್ತ ಮರಳುವಾಗ ನೋವು ಬಂತು.

"ಬಿಡಲೇನ?"

"ಬ್ಯಾಡಕ್ಕ. ಹಿಡಕೋ."

ಕೈಗಳನ್ನು ಇನ್ನೂ ಒತ್ತಿ ಹಿಡಿದು ಅವಳೇ ಹೇಳಿದಳು: "ಚಳಿಗಾಲಕ್ಕ ಇನ್ನ ಇಲ್ಲಿ ಬರಬ್ಯಾಡವ್ವ. ಮುಂಬೈ ಸೆಖಿನ ನಿನಗ ಛಲೋ."

ಅದು ಪ್ರೀತಿಯ ಮಾತೆಂದು ನನಗೆ ಗೊತ್ತು. ಅವಳ ಮಾತು ಖರೆ ಎಂದೂ ಗೊತ್ತು. ಆದರೂ ಮನೆಯ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿದಂತಾಯಿತು. ಕೈ ಬೆಚ್ಚಗಾದ ಮೇಲೂ ನಾನು ಅವನ್ನು ಹಿಂದಕ್ಕೆ ತೆಗೆಯಲಿಲ್ಲ.