ಕೊಟ್ರೇಶಿಯ ಸ್ಕ್ರಿಪ್ಟು, ನನ್ನ ಶೆಲ್ಲು

ನನ್ನ ಹೊಸ ಕಂಪ್ಯೂಟರಿನದು ನನ್ನದೇ ಸ್ವಭಾವ. ಎಲ್ಲವೂ ನಿಯಮದ ಪ್ರಕಾರ ಇರಬೇಕು. ಒಂದು ಚಿಹ್ನೆ ಹೆಚ್ಚಾದರೂ ಕೆಲಸ ನಿಲ್ಲಿಸಿ ಕೂರುತ್ತದೆ. ಬೆಳಿಗ್ಗೆ ಚಹಾ ಕುಡಿದು, ಇರುವ ಒಂದು ಲೋಟ ತೊಳೆದು ಬೋರಲು ಹಾಕಿದ ಮೇಲೆ, ಕೊಟ್ಟೂರಿನ ಈ ಮನೆಯಲ್ಲಿ ನಾವಿಬ್ಬರೂ ಎದುರುಬದುರು ಕೂರುತ್ತೇವೆ.

ಯುಗಾದಿಗೆ ಮುಂಚೆ ಹಡಗಲಿಯಿಂದ ಗಂಗಮ್ಮ ಫೋನ್ ಮಾಡಿದರು. "ಅಣ್ಣಾರ, ನಮ್ಮ ಮನಿಯವರ ಮಳಿ ಕ್ಯಾಲೆಂಡರ್ ಈ ವರ್ಷ ಬರಂಗಿಲ್ಲೇನ್ರಿ?"

ಅವರ ಮನೆಯವರೆಂದರೆ ಕೊಟ್ರೇಶಿ, ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನನ್ನ ಜೊತೆಗಾರ. ದೀಪಾವಳಿ ಕಳೆದ ಮೇಲೆ ತೀರಿಕೊಂಡ. ಮಿರುಗ ಮೊದಲಾದ ಮಳೆ ನಕ್ಷತ್ರಗಳ ದಿನ ಲೆಕ್ಕ ಹಾಕಿ ಹಾಳೆಯಲ್ಲಿ ಮುದ್ರಿಸುವ ಪ್ರೋಗ್ರಾಂ ಅವನದು. ವರ್ಷಕ್ಕೊಮ್ಮೆ ಹೆಂಡತಿಗೆ ಅದೇ ಉಡುಗೊರೆ. ನನ್ನ ಬಳಿ ಅದರ ಪ್ರತಿಯಿತ್ತು, ಅದನ್ನು ಯಂತ್ರದಲ್ಲಿ ಕೂರಿಸಲು ಅವನೇ ಬರೆದ ಶೆಲ್ ಸ್ಕ್ರಿಪ್ಟೂ ಇತ್ತು. ಸ್ಕ್ರಿಪ್ಟ್ ಎಂದರೆ ಆಜ್ಞೆಗಳ ಸಾಲು. ಅದನ್ನು ಓದಿ ನಡೆಸುವುದು ಶೆಲ್.

ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಮನೆತನದಲ್ಲಿ ಶೆಲ್ಲುಗಳು ಹಲವು. ಕೆಲವು ಅರ್ಧ ಹೇಳಿದರೆ ಪೂರ್ತಿ ತಿಳಿಯುತ್ತವೆ; ಕೆಲವು ನನ್ನಂಥವು. ಕೊಟ್ರೇಶಿ ಮೊದಲ ಸಾಲಿನಲ್ಲಿ ಕಟ್ಟುನಿಟ್ಟಿನ ಶೆಲ್ಲಿನ ಹೆಸರು ಬರೆದು, ಒಳಗೆಲ್ಲ ಸಡಿಲ ಶೆಲ್ಲಿನ ಭಾಷೆ ಆಡಿದ್ದ. ಅವನ ಹಳೆಯ ಯಂತ್ರದಲ್ಲಿ ಆ ಹೆಸರಿಗೆ ಓಗೊಡುತ್ತಿದ್ದದ್ದು ಸಡಿಲ ಶೆಲ್ಲೇ, ಹಾಗಾಗಿ ನಡೆದುಹೋಗಿತ್ತು. ನಾನು ಆಗಲೇ ಆಕ್ಷೇಪಿಸಿದ್ದೆ.

"ಲೇ, ಅದಕ್ಕ ತಿಳಿದೈತಲ್ಲ, ನಿನಗ್ಯಾಕ ಹೊಟ್ಟಿ ಉರಿ?" ಎಂದಿದ್ದ.

ನನ್ನ ಯಂತ್ರಕ್ಕೆ ತಿಳಿಯಲಿಲ್ಲ. ಸಾಲು ಸಾಲಾಗಿ ತಿದ್ದುತ್ತಾ ಹೋದೆ. ಜೋಡಿ ಆವರಣಗಳನ್ನು ಒಂಟಿ ಮಾಡಿದೆ, ಜೋಡಿ ಸಮ ಚಿಹ್ನೆಗಳನ್ನೂ ಒಂಟಿ ಮಾಡಿದೆ. ಯಂತ್ರ ತಕರಾರಿಲ್ಲದೆ ಒಪ್ಪಿತು. ತಿದ್ದಿದ್ದನ್ನು ಮತ್ತೆ ಓದಿ ನೋಡಿದರೆ ಅಲ್ಲಿ ಕೊಟ್ರೇಶಿ ಇರಲಿಲ್ಲ, ನಾನಿದ್ದೆ. ನಾನು ಈ ಮನೆಯಲ್ಲಿ ಈಗಾಗಲೇ ಬೇಕಾದಷ್ಟಿದ್ದೇನೆ.

ಎಲ್ಲವನ್ನೂ ಅಳಿಸಿ ಅವನ ಮೂಲಪ್ರತಿಯನ್ನೇ ತೆಗೆದೆ. ಮೊದಲ ಸಾಲಿನಲ್ಲಿ ಮಾತ್ರ ಸಡಿಲ ಶೆಲ್ಲಿನ ಹೆಸರು ಹಾಕಿದೆ. ಅದೂ ಇದೇ ಯಂತ್ರದಲ್ಲಿತ್ತು. ನಾನು ಕರೆದಿರಲಿಲ್ಲ, ಅಷ್ಟೆ. ಕೊಟ್ರೇಶಿಯ ಅಷ್ಟೂ ಮಾತು ಅದಕ್ಕೆ ಅರ್ಥವಾಯಿತು.

ಮುದ್ರಿಸಿದ ಹಾಳೆಯನ್ನು ಸುರುಳಿ ಸುತ್ತಿಕೊಂಡು ಬಸ್ಸು ಹತ್ತಿ ಹಡಗಲಿಗೆ ಹೋದೆ. ಗಂಗಮ್ಮ ಬಿಡಿಸಿ ನೋಡಿ ನಕ್ಕರು. "ಮಿರುಗದ ಸಾಲು ಈ ಸಲಾನೂ ಸೊಟ್ಟ ಐತ್ರಿ ಅಣ್ಣಾರ. ಅವರದ ಇದು." ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಗೋಡೆಗೂ ಒಂದು ಪ್ರತಿ ಅಂಟಿಸಿದ್ದೇನೆ. ಆ ಸೊಟ್ಟ ಸಾಲು ದಿನಾ ಕಣ್ಣಿಗೆ ಚುಚ್ಚುತ್ತದೆ. ಚುಚ್ಚಲಿ.