ಬಳಕೆಯಲ್ಲಿಲ್ಲದ ಬಾವಿ

ಪುರಸಭೆಯಲ್ಲಿ ಆರೋಗ್ಯ ನಿರೀಕ್ಷಕನಾಗಿ ನಾನು ಮಾಡಿದ ಕೆಲಸಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಸೊಳ್ಳೆಗೆ ಹೊಗೆ ಹಾಕಿಸಿದ್ದು, ಸಂತೆಯಲ್ಲಿ ಕೊಳೆತ ಮೀನು ಎಸೆಸಿದ್ದು, ಕಸದ ಗಾಡಿ ಬರಲಿಲ್ಲವೆಂದು ಜನ ಬೈದದ್ದು, ನಾನು ತಿರುಗಿ ಬೈದದ್ದು, ಎಲ್ಲ ಕಲಸಿಹೋಗಿವೆ. ಒಂದು ಬಾವಿ ಮುಚ್ಚಿಸಿದ್ದು ಮಾತ್ರ ನಿನ್ನೆ ನಡೆದಂತೆ ಉಳಿದಿದೆ. ಬಾವಿಯ ನೀರನ್ನು ಬಿಟ್ಟು ಬೇರೆ ನೀರು ಬಾಯಿಗೆ ಹಾಕದವರೊಬ್ಬರು ಅದನ್ನೇ ನಂಬಿಕೊಂಡಿದ್ದರು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ಮೂರು ಸಲ ಸೂಚನೆ ಬಂದಿತ್ತು, ನಾನೇ ಗೊತ್ತುಮಾಡಿಕೊಳ್ಳಲಿಲ್ಲ.

ಚಿಕ್ಕೋಡಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಊರು ಅದು. ಹೆಸರು ಬೇಡ, ಅಲ್ಲಿ ಈಗಲೂ ನನ್ನನ್ನು ಕರೆದು ಚಹ ಕೊಡುವವರಿದ್ದಾರೆ. ಆ ವರ್ಷ ಮನೆಮನೆಗೆ ನಳ ಕೊಡುವ ಕೆಲಸ ಮುಗಿದಿತ್ತು. ಅದರ ಬೆನ್ನಿಗೇ ಹಾಳುಬಿದ್ದ ಬಾವಿಗಳನ್ನು ಮುಚ್ಚುವ ಕೆಲಸ ಬಂತು. ಮಕ್ಕಳು ಬೀಳುತ್ತಾರೆ, ಸೊಳ್ಳೆ ಹುಟ್ಟುತ್ತವೆ, ಜನ ಕಸ ಸುರಿಯುತ್ತಾರೆ. ಇದರಲ್ಲಿ ತಪ್ಪು ಹುಡುಕುವವನು ಯಾರು? ನನಗೆ ಕೊಟ್ಟ ನಮೂನೆಯಲ್ಲಿ ವಾರ್ಡು, ಓಣಿ, ಆಳ, ಮತ್ತು ಕೊನೆಗೆ ಒಂದು ಪ್ರಶ್ನೆ ಇತ್ತು: ಬಳಕೆಯಲ್ಲಿದೆಯೇ, ಇಲ್ಲವೇ. ಒಂದು ಗುರುತು ಹಾಕಿ ಸಹಿ ಮಾಡಿದರೆ ಬಾವಿಯ ಕಥೆ ಮುಗಿಯಿತು. ನಾನು ತೆಲಸಂಗದ ಕಡೆಯ ಒಣಭೂಮಿಯವನು. ನಮ್ಮ ಮನೆಯಲ್ಲಿ ನೀರಿದ್ದ ಬಾವಿಯೊಂದನ್ನು ಮುಚ್ಚಿದೆ ಎಂದಿದ್ದರೆ ನನ್ನ ತಾಯಿ ನನಗೆ ಊಟಕ್ಕೆ ಬಡಿಸುತ್ತಿರಲಿಲ್ಲ. ಆದರೆ ಕಚೇರಿಗೆ ಹೋಗುವ ಮನುಷ್ಯ ಮನೆಯ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾನೆ.

ಇನ್ನೊಂದು ಮಾತು ಹೇಳಿಬಿಡಬೇಕು. ನಾನು ಯಾವುದಕ್ಕೂ ಹೆದರದವನು ಎಂದು ಆ ಕಚೇರಿಯಲ್ಲಿ ಹೆಸರಾಗಿತ್ತು. ಒಮ್ಮೆ ಸುಡುಗಾಡಿನ ಹುಣಸೆಮರದ ಕೆಳಗೆ ಕಸ ಬಳಿಯಲು ಆಳುಗಳು ಒಲ್ಲೆವೆಂದಾಗ, ನಾನು ಅಲ್ಲೇ ಕುಳಿತು ಬುತ್ತಿ ಬಿಚ್ಚಿ ರೊಟ್ಟಿ ತಿಂದಿದ್ದೆ. ಅವತ್ತಿನಿಂದ ಎಲ್ಲರೂ ನನ್ನನ್ನು ಗಟ್ಟಿ ಗುಂಡಿಗೆಯ ಸಾಹೇಬರು ಅನ್ನುತ್ತಿದ್ದರು. ಹಾಗೆ ಅನ್ನಿಸಿಕೊಳ್ಳುವುದು ನನಗೆ ಬಹಳ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ?

ಆ ಬಾವಿ ಒಂದು ಸಂದಿಯಂಥ ಓಣಿಯ ಕೊನೆಗೆ, ಯಾವುದೋ ಹಳೆಯ ಕಲ್ಲಿನ ವಾಡೆಯ ಹಿಂಗೋಡೆಗೆ ಅಂಟಿಕೊಂಡಿತ್ತು. ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿದ್ದರು. ಓಣಿಯಲ್ಲಿದ್ದದ್ದೆಲ್ಲ ಬಾಡಿಗೆ ಖೋಲಿಗಳು. ಎರಡು ವರ್ಷಕ್ಕಿಂತ ಹಳಬರು ಯಾರೂ ಇರಲಿಲ್ಲ. ಬಾವಿ ಮುಚ್ಚಿಸಿಕೊಡಿ ಎಂದು ಅರ್ಜಿ ಬರೆದು, ಹೆಬ್ಬೆಟ್ಟು ಒತ್ತಿ, ಅವರೇ ನನ್ನನ್ನು ಕರೆಸಿದ್ದರು. ನನ್ನ ಜತೆ ನಮ್ಮ ಮುಕಾದಮ ಇದ್ದ. ಕಸ ಬಳಿಯುವವರ ಮೇಲ್ವಿಚಾರಕ, ಅದೇ ಊರಲ್ಲಿ ಹುಟ್ಟಿ ಕೂದಲು ಬೆಳ್ಳಗೆ ಮಾಡಿಕೊಂಡವನು.

ಅರ್ಜಿ ಕೊಟ್ಟ ಹೆಂಗಸು ಜಾಳಿಗೆಯಿಂದ ನಾಲ್ಕು ಮಾರು ದೂರವೇ ನಿಂತಳು.

"ಯಾರೋ ನೀರ ಸೇದ್ತಾರ್ರಿ ಸಾಹೇಬ್ರ. ಸಪ್ಪಳ ಬರತೈತಿ, ಮಂದಿ ಕಾಣಂಗಿಲ್ಲ."

"ಯಾವಾಗ ಬರತೈತಿ?"

"ದಿನಾ ಬರತೈತ್ರಿ. ಮುಂಜಾನೆ ಬಿಸಲ ಈ ಗ್ವಾಡಿ ಮ್ಯಾಲ ಬಂತಂದ್ರ ಸುರು ಆಗತೈತಿ. ದೇವರಾಣಿ ಖರೇ ಹೇಳ್ತೀನ್ರಿ. ಮದ್ಲ ಇಲ್ಲಿ ಒಬ್ಬಾಕಿ ಬಿದ್ದಿದ್ಲಂತ."

"ಯಾರು ನೋಡ್ಯಾರ ಬಿದ್ದಿದ್ದು?"

"ಯಾರ್ ನೋಡಿಲ್ರಿ. ಅದಕ್ಕ ಅಂಜಿಕಿ."

"ಸರಕಾರಿ ದವಾಖಾನ್ಯಾಗ ಕಿವಿ ಪುಕಟ ನೋಡ್ತಾರ, ಒಮ್ಮೆ ಹೋಗಿ ಬರ್ರಿ" ಎಂದೆ. ಮುಕಾದಮ ನಕ್ಕ. ಆ ಹೆಂಗಸಿನ ಮುಖ ಸಣ್ಣದಾಯಿತು.

ನಾನು ಬಗ್ಗಿ ಜಾಳಿಗೆಯೊಳಗೆ ನೋಡಿದೆ. ನೀರು ಮೂರಾಳು ಕೆಳಗಿತ್ತು. ವಾಡೆಯ ಗೋಡೆ ಬಾವಿಯ ಒಂದು ಕಡೆಯ ಮೇಲೆ ಹಾದುಹೋಗಿತ್ತು. ಅದರ ತಳದಲ್ಲಿ ಕಲ್ಲಿನ ಕಮಾನು, ಕಮಾನಿನಾಚೆ ಕತ್ತಲೆ. ಗೋಡೆಯ ಭಾರ ಹೊರಲು ಕಟ್ಟಿದ್ದು ಎಂದುಕೊಂಡೆ. ಮುಚ್ಚಬೇಕಾದ ಬಾವಿಗಳನ್ನು ನಾನು ಆಗಲೇ ಹತ್ತಾರು ನೋಡಿದ್ದೆ. ಹಸಿರು ಪಾಚಿ, ಪ್ಲಾಸ್ಟಿಕ್ ಚೀಲ, ಸತ್ತ ಬೆಕ್ಕು. ಇಲ್ಲಿ ಏನೂ ಇರಲಿಲ್ಲ. ಸೇದುವವರೇ ಇಲ್ಲದ ಬಾವಿಯ ನೀರು ಇಷ್ಟು ತಿಳಿಯಾಗಿರಬಾರದು. ಅದಕ್ಕಿಂತ ಹೆಚ್ಚಾಗಿ, ನೀರಿನ ಮೇಲೆ ಬಳೆಯಾಕಾರದ ಅಲೆಗಳು ಒಂದರ ಹಿಂದೊಂದು ನಿಧಾನವಾಗಿ ಹರಡುತ್ತಿದ್ದವು. ಈಗಷ್ಟೇ ಯಾರೋ ಕೊಡ ಎತ್ತಿಕೊಂಡು ಹೋದ ಹಾಗೆ. ಎಲ್ಲೋ ಹಸಿ ಹಗ್ಗದಿಂದ ಹನಿ ಬೀಳುವ ಸದ್ದು. ಹನಿ ಕಾಣಲಿಲ್ಲ.

"ಏನರೆ ಕಾಣಸ್ತೈತೇನ್ರಿ?" ಎಂದ ಮುಕಾದಮ.

"ಕಪ್ಪಿ" ಎಂದೆ. ಕಪ್ಪೆಯೂ ಇರಲಿಲ್ಲ. ಅಳತೆ ತೆಗೆದು, ನಮೂನೆ ತುಂಬಿ, 'ಬಳಕೆಯಲ್ಲಿಲ್ಲ' ಎಂಬುದರ ಮುಂದೆ ಗುರುತು ಹಾಕಿದೆ.

ಗೋಡೆಯಾಚೆಯ ಮನೆಗೆ ಹೋಗಿ ಕೇಳಬಹುದಿತ್ತಲ್ಲ ಎಂದು ಯಾರಾದರೂ ಅನ್ನಬಹುದು. ಆ ಗೋಡೆಯೇ ವಾರ್ಡಿನ ಗಡಿ. ಆಚೆಯ ವಾಡೆಯ ಬಾಗಿಲು ಪೇಟೆಯ ಕಡೆಗೆ ಇತ್ತು. ಅದು ಬೇರೆ ವಾರ್ಡು, ಬೇರೆ ಫೈಲು. ಆ ಫೈಲನ್ನು ತುಂಬಿದವನೂ ನಾನೇ. ಮುಂದಿನ ಬಾಗಿಲಲ್ಲಿ ನಿಂತು ನಳ ಇದೆಯೇ ಎಂದು ಕೇಳಿದ್ದೆ. ಇದೆ ಎಂದಿದ್ದರು. ಬರೆದುಕೊಂಡು ಬಂದಿದ್ದೆ. ಒಂದೇ ಗೋಡೆಯ ಎರಡೂ ಬದಿ ನಿಂತು ಎರಡು ಫೈಲು ತುಂಬಿದ ನನಗೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಒಂದು ಸಲವೂ ಹೊಳೆಯಲಿಲ್ಲ.

ಆದೇಶ ಬಂದ ಮೇಲೆ, ಟ್ರ್ಯಾಕ್ಟರು ತಿರುಗಲು ಜಾಗ ಇದೆಯೇ ನೋಡಲು ಮತ್ತೆ ಹೋದೆ. ಈ ಸಲ ಒಬ್ಬನೇ. ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಗಂಡಸರು ದುಡಿಯಲು ಹೋಗಿದ್ದರು, ಖೋಲಿಗಳ ಬಾಗಿಲು ಮುಚ್ಚಿದ್ದವು. ಬಾವಿಯ ಹತ್ತಿರ ಹೋಗುವಾಗ ನನ್ನ ಚಪ್ಪಲಿಯ ಸದ್ದು ನನಗೇ ಜೋರು ಅನ್ನಿಸಿತು. ಬಗ್ಗಿ ನೋಡಿದೆ.

ಕಮಾನಿನ ಕತ್ತಲೆಯೊಳಗಿಂದ ಒಂದು ಸಣ್ಣ ಹಿತ್ತಾಳೆ ತಂಬಿಗೆ ಇಳಿದು ಬರುತ್ತಿತ್ತು. ಅದರ ತಳಕ್ಕೊಂದು ದಾರ, ಕಂಠಕ್ಕೊಂದು ದಾರ. ಕೈಯಿಲ್ಲ, ಮನುಷ್ಯರಿಲ್ಲ. ಅದು ಅವಸರವಿಲ್ಲದೆ, ಮಲಗಿದ ಕೂಸನ್ನು ಎಬ್ಬಿಸಬಾರದೆಂಬಷ್ಟು ಮೆಲ್ಲಗೆ ಇಳಿದು, ನೀರನ್ನು ಮುಟ್ಟುತ್ತಲೇ ನಿಂತಿತು. ನೀರು ತುಂಬಿಕೊಳ್ಳುತ್ತದೆ ಎಂದು ಕಾದೆ. ತುಂಬಿಕೊಳ್ಳಲಿಲ್ಲ. ತಾನೇ ಬಾಗಿ, ತನ್ನೊಳಗಿದ್ದ ನೀರನ್ನು ಬಾವಿಗೆ ಸುರಿಯಿತು. ಕೊನೆಯ ಹನಿ ಬೀಳುವವರೆಗೆ ಬಾಗಿಯೇ ಇತ್ತು. ಆಮೇಲೆ ಖಾಲಿ ತಂಬಿಗೆ ಮೇಲಕ್ಕೆ ಹೋಗಿ ಕತ್ತಲೆಯಲ್ಲಿ ಮರೆಯಾಯಿತು.

ಬಾವಿಯಿಂದ ನೀರು ಎತ್ತುವ ದೆವ್ವವನ್ನಾದರೂ ನಾನು ತಾಳಿಕೊಳ್ಳುತ್ತಿದ್ದೆನೇನೋ. ಬಾವಿಗೆ ನೀರು ತಿರುಗಿ ಕೊಡುವುದನ್ನು ನೋಡಿ ನನ್ನ ಮೈಯ ಕೂದಲು ಎದ್ದು ನಿಂತವು. ಓಣಿಯ ಬಾಯಿಗೆ ಬಂದದ್ದೇ ನೆನಪು, ಓಡಿದ್ದು ನೆನಪಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತು ಚಹ ಹೇಳಿದೆ. ನಾನು ಓಡಿ ಬಂದದ್ದನ್ನು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದೆ. ನನಗಿದ್ದ ಚಿಂತೆ ಅದೊಂದೇ.

ಮುಕಾದಮನಿಗೆ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಜೈನರ ಓಣಿಗಳಲ್ಲಿ ಕಸ ಬಳಿದೇ ಮುದುಕನಾದವನು ಅವನು. ನಾನು ಕಂಡದ್ದು ಏನೆಂದು ನಿಂತ ನಿಲುವಿನಲ್ಲಿ ಹೇಳುತ್ತಿದ್ದ. ಆದರೆ ಅವನೇ ಅಲ್ಲವೇ ನನಗೆ ಗಟ್ಟಿ ಗುಂಡಿಗೆ ಎಂದು ಹೆಸರಿಟ್ಟವನು? ಹೇಳಲಿಲ್ಲ. ಮರುದಿನ ಮುಂಜಾನೆಯೇ ಟ್ರ್ಯಾಕ್ಟರು ತರಿಸಿದೆ. ಬಾವಿ ಮುಚ್ಚಿದರೆ ನೋಡಿದ್ದೂ ಮುಚ್ಚಿಹೋಗುತ್ತದೆ ಎಂಬ ಲೆಕ್ಕ ನನ್ನದು.

ಜಾಳಿಗೆ ಕಿತ್ತು ಬದಿಗಿಟ್ಟರು. ರಸ್ತೆ ಅಗಲ ಮಾಡುವಾಗ ಒಡೆದ ಮನೆಗಳ ಕಲ್ಲು, ಸುಣ್ಣ, ಡಾಂಬರಿನ ಹೆಂಟೆ ಎಲ್ಲ ಟ್ರಾಲಿಯಲ್ಲಿತ್ತು. ಮೊದಲ ಟ್ರಾಲಿ ಎದ್ದು ಅರ್ಧ ಸುರಿದಿರಬೇಕು, ನೀರೊಳಗಿಂದ ಕೂಗು ಬಂತು.

"ತಡೀರಿ! ನಾ ಇನ್ನೂ ಸೇದಾಕತ್ತೀನಿ!"

ಚಾಲಕ ಇಂಜಿನ್ ಬಂದ್ ಮಾಡಿ ಕೆಳಗೆ ಜಿಗಿದ. ಮುಕಾದಮ ಕೈ ಮುಗಿದು ನಿಂತುಬಿಟ್ಟ. ಅರ್ಜಿ ಕೊಟ್ಟ ಹೆಂಗಸು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಮೇಲೆ ಓಣಿಯಲ್ಲಿ ಏನೂ ಕೇಳಲಿಲ್ಲ. ಬಾವಿಯೊಳಗೆ ಜಾರುತ್ತಿದ್ದ ಕಲ್ಲುಗಳು ಒಂದೊಂದಾಗಿ ನೀರು ಸೇರುವ ಸದ್ದು ಮಾತ್ರ.

ಅದು ಹೆಣ್ಣುಮಗಳ ದನಿ. ಸಿಟ್ಟಿನದಲ್ಲ, ಗಾಬರಿಯದು. ನನ್ನ ಕಿವಿಗೆ ಅದರಲ್ಲಿ ಸಂಶಯವಿರಲಿಲ್ಲ. ಆದರೆ ಬಾವಿಯೊಳಗೆ ಯಾರೂ ಇಲ್ಲ, ಇಲ್ಲದವರು ಕೂಗುವುದಿಲ್ಲ, ಆದ್ದರಿಂದ ಯಾರೂ ಕೂಗಲಿಲ್ಲ. ಹೀಗೆ ನನ್ನ ತಲೆ ಓಡಿತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ಅವರಂತೆಯೇ ಅಂಜಿದ್ದೇನೆ ಎಂದು ಇನ್ನೊಂದು ಕ್ಷಣದಲ್ಲಿ ಅವರಿಗೆ ತಿಳಿದುಹೋಗುತ್ತಿತ್ತು.

"ಏನ್ ನೋಡ್ತೀರಿ? ಸುರೀರಿ!" ಎಂದು ಒದರಿದೆ.

ಸುರಿದರು. ಕಲ್ಲಿನ ಗದ್ದಲದ ನಡುವೆ ಇನ್ನೊಂದು ಸಲ ಏನೋ ಕೇಳಿಸಿತು, ಅರ್ಧಕ್ಕೇ ಕಡಿಯಿತು. ಎರಡನೆಯ ಟ್ರಾಲಿಗೆ ನೀರಿನ ಸದ್ದೂ ನಿಂತಿತು. ಉಳಿದದ್ದನ್ನು ನಾಡಿದ್ದು ತುಂಬೋಣವೆಂದು, ಜಾಳಿಗೆಯನ್ನು ಅಡ್ಡ ಇಟ್ಟು ಬಂದೆವು.

ಮರುದಿನ ನಾನು ಚಿಕ್ಕೋಡಿಯಲ್ಲಿ ಮೀಟಿಂಗಿನಲ್ಲಿದ್ದೆ. ಅದರ ಮರುದಿನ ಬೆಳಗ್ಗೆ ಕಚೇರಿಯ ಮುಂದೆ ಒಂದು ಮೋಟರ್‌ಸೈಕಲ್ಲು ನಿಂತಿತ್ತು. ಹಿಂದಿನ ಸೀಟಿಗೆ ಹಿತ್ತಾಳೆ ಕೊಡವನ್ನು ಹಗ್ಗದಿಂದ ಬಿಗಿದು, ಬಾಯಿಗೆ ಒದ್ದೆ ಬಿಳಿ ಬಟ್ಟೆ ಕಟ್ಟಿದ್ದರು. ನಡುವಯಸ್ಸಿನ ಒಬ್ಬರು ನನಗೆ ಕೈ ಮುಗಿದರು. ಪೇಟೆಯ ಕಡೆ ಬಾಗಿಲಿದ್ದ ಆ ವಾಡೆಯವರು, ಜೈನರು.

"ಇವತ್ತ ಮತ್ತ ಸುರಿಯೂದೈತಂತಲ್ರಿ. ದಯಮಾಡಿ ತಡೀರಿ. ನಮ್ಮ ವೈನಿಯವರಿಗೆ, ಅಣ್ಣನ ಹೆಂಡತಿಗೆ, ಬಾವಿ ನೀರಿಂದ ವ್ರತ ಐತ್ರಿ. ನಳದ್ದ, ಬೋರಿಂದ ಮುಟ್ಟಂಗಿಲ್ಲ. ಎರಡ ದಿನಾತು, ಬಾಯಾಗ ಹನಿ ಹಾಕಿಲ್ಲ. ಊರಾಗ ಬ್ಯಾರೆ ಬಾವಿ ಉಳದಿಲ್ಲ. ಅಂಕಲಿ ಕಡೆ ಬೀಗರ ಹೊಲದಾಗ ಬಾವಿ ಐತಿ, ಕೇಳ್ಕೊಂಡು ಈಗ ಒಂದ ಕೊಡ ತಂದೀನಿ. ಮನೀಗೆ ಮುಟ್ಟಸ್ತೀನಿ. ನೀವೂ ಒಂದ ಗಳಿಗಿ ಬಂದು ನೋಡ್ರಿ."

ಒಂದು ಬೈಗುಳವಿಲ್ಲ, ಮೇಲಿನವರಿಗೆ ಬರೆಯುತ್ತೇನೆಂಬ ಮಾತಿಲ್ಲ. ಬೈದಿದ್ದರೆ ನನಗೆ ದಾರಿ ಸುಲಭವಾಗುತ್ತಿತ್ತು. ಮುಕಾದಮನನ್ನು ಕರೆದುಕೊಂಡು ಹೊರಟೆ.

ಅಡುಗೆಮನೆಯ ಹಿಂದೆ ಒಂದು ತಂಪು ಖೋಲಿ. ಅದರ ಮೂಲೆಯಲ್ಲಿ, ಗೋಡೆಯ ಬುಡಕ್ಕೆ, ಬಾವಿಯ ಇನ್ನರ್ಧ ಬಾಯಿ. ಮೇಲೆ ರಾಟೆ. ಹಗ್ಗ ಕೆಳಗೆ ಇಳಿದು ಕಲ್ಲುಗಳ ನಡುವೆ ಸಿಕ್ಕಿಕೊಂಡು ಬಿಗಿಯಾಗಿ ನಿಂತಿತ್ತು. ಅದರ ತುದಿಯ ಕೊಡ ಅಡಿಯಲ್ಲೆಲ್ಲೋ ಇತ್ತು. ಕಟ್ಟೆಯ ಮೇಲೆ ಎರಡು ದಾರದ ಸಣ್ಣ ತಂಬಿಗೆ. ನಾನು ಅದನ್ನೇ ನೋಡುವುದನ್ನು ಕಂಡು, ನಮ್ಮನ್ನು ಕರೆತಂದ ಆ ಮೈದುನ ವಿವರಿಸಿದರು. ಸೇದಿದ ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಯಾವ ಬಾವಿಯವೋ ಅದೇ ಬಾವಿಗೆ ತಿರುಗಿ ಹೋಗಬೇಕು. ಮೇಲಿಂದ ಎಸೆದರೆ ಸಾಯುತ್ತವೆ, ಅದಕ್ಕೇ ನೀರಿನ ಮಟ್ಟಕ್ಕೆ ಇಳಿಸಿ ಬಾಗಿಸುವುದು. ಮುಕಾದಮ ಹೌದು ಹೌದು ಎಂದು ತಲೆಯಾಡಿಸಿದ. ನನ್ನನ್ನು ಓಣಿಯ ಬಾಯಿಯವರೆಗೆ ಓಡಿಸಿದ್ದು ಆ ತಂಬಿಗೆಯೇ.

ಅತ್ತಿಗೆಯವರು ಗೋಡೆಗೆ ಒರಗಿ ಕುಳಿತಿದ್ದರು. ಐವತ್ತರ ಆಸುಪಾಸು. ಬಿಳಿ ಸೀರೆ, ಬಿರಿದ ತುಟಿ. ಎರಡು ದಿನ ನೀರಿಲ್ಲದ ದನಿ ಗಂಟಲಲ್ಲೇ ಕೆರೆಯುತ್ತಿತ್ತು.

"ಸಾಹೇಬ್ರ, ನಾ ಎರಡ ಸಲ ಒದರಿದೆ. ಮದ್ಲನೇ ಸಲ ಒದರಿದಾಗ ಇಂಜಿನ್ ನಿಂತ್ತು. ಅಪ್ಪಾ, ಕೇಳ್ಸಿತು ಅಂತ ಭಾಳ ಸಮಾಧಾನ ಆತು. ಆಮ್ಯಾಲ ಮತ್ತ ಸುರದ್ರಿ." ಅವರು ಸ್ವಲ್ಪ ನಿಂತು ಉಸಿರು ತೆಗೆದುಕೊಂಡರು. "ನಿಮಗ ಕೇಳ್ಸಲಿಲ್ಲೇನ್ರಿ?"

ಅವರು ಜಗಳಕ್ಕೆ ಕೇಳಲಿಲ್ಲ. ತಿಳಿಯಬೇಕೆಂದು ಕೇಳಿದರು. ಮುಕಾದಮ ನೆಲ ನೋಡಿದ.

"ಇಲ್ರಿ, ಕೇಳ್ಸಲಿಲ್ಲ" ಎಂದೆ. "ಕಲ್ಲಿನ ಸಪ್ಪಳ ಭಾಳ ಇತ್ತು."

"ಹೌದ್ರಿ, ಇದ್ದಿರಬೇಕು" ಎಂದರು. ನಂಬಿದರು. ಮುಖದ ಮೇಲಿನ ಬಿಗುವು ಸಡಿಲಾದದ್ದನ್ನು ನಾನು ಕಣ್ಣಾರೆ ಕಂಡೆ. ಕೇಳಿಯೂ ಸುರಿದವರಿದ್ದಾರೆ ಎಂಬ ಮಾತು ಎರಡು ದಿನ ಅವರನ್ನು ನೀರಡಿಕೆಗಿಂತ ಹೆಚ್ಚು ಸುಟ್ಟಿರಬೇಕು.

ಮೈದುನ ಕೊಡದ ನೀರನ್ನು ಮಡಿಕೆ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಜೋಪಾನವಾಗಿ ಬೇರೆ ಪಾತ್ರೆಯಲ್ಲಿಟ್ಟರು. ಅದನ್ನು ಮತ್ತೆ ಅಂಕಲಿಯ ದಾರಿ ಹಿಡಿದು ಒಯ್ಯಬೇಕಿತ್ತು. ಒಂದು ಲೋಟ ತುಂಬಿ ಅತ್ತಿಗೆಯ ಮುಂದೆ ಹಿಡಿದರು. ಅವರು ಕೈ ಚಾಚಲಿಲ್ಲ, ಗದ್ದದಿಂದ ನನ್ನ ಕಡೆ ತೋರಿಸಿದರು.

"ಮನೀಗೆ ಬಂದವರು ಬಿಸಲಾಗ ಬಂದಾರ. ಮದ್ಲ ಅವರಿಗೆ ಕೊಡ್ರಿ."

ಬೇಡವೆಂದೆ. ಒಳಗಿಂದ ಬೆಲ್ಲದ ತುಣುಕು ತರಿಸಿದರು. ನಾನು ಕುಡಿಯುವ ತನಕ ಅವರು ಕುಡಿಯುವುದಿಲ್ಲ ಎಂದು ತಿಳಿದು, ಲೋಟ ತೆಗೆದುಕೊಂಡು, ಅವರ ಕಣ್ಣೆದುರೇ ಪೂರ್ತಿ ಕುಡಿದೆ.