ಗಂಟು ಬಿಚ್ಚದ ಉಡದಾರ

ಮೊದಲೇ ಹೇಳಿಬಿಡುತ್ತೇನೆ, ಶಕುನ ಗಿಕುನ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಬೆಕ್ಕು ಅಡ್ಡ ಬಂತು, ಹಲ್ಲಿ ಲೊಚಗುಟ್ಟಿತು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಶುರು ಮಾಡಿದರೆ ಅವರ ಚಹಾ ಆರುವವರೆಗೂ ಬಿಡುತ್ತಿರಲಿಲ್ಲ. ಈಗ ನಂಬುತ್ತೇನೆ ಎಂದೇನೂ ತಿಳಿಯಬೇಡಿ. ಆದರೆ ನನ್ನ ಮನೆಯಲ್ಲೇ, ಹಾಡಹಗಲೇ ನಡೆದದ್ದನ್ನು ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಅದರ ಮೇಲೆ ನನಗಿರುವುದು ಭಯವಲ್ಲ, ಸಿಟ್ಟು.

ನಮ್ಮ ಮನೆಯವರದು ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಬೆಳಿಗ್ಗೆ ಅಂಗಡಿಯಲ್ಲಿ ಕೂತರೆ ಏಳುತ್ತಿದ್ದದ್ದು ಊಟಕ್ಕೇ. ಮಂಡಕ್ಕಿ, ಮಿರ್ಚಿ, ಸಕ್ಕರೆ ಹೆಚ್ಚಾದ ಚಹಾ ಎಲ್ಲ ಕೂತಲ್ಲಿಗೇ ಬರುತ್ತಿದ್ದವು. ಮದುವೆಯಲ್ಲಿ ಕಡ್ಡಿಯಂತಿದ್ದವರು ನಲವತ್ತು ದಾಟುವಷ್ಟರಲ್ಲಿ ಅಂಗಿಯ ಗುಂಡಿಗಳು ನಿಲ್ಲದಷ್ಟು ಹೊಟ್ಟೆ ಬೆಳೆಸಿದ್ದರು. ನಾನು ಬಾಯಿ ತೆಗೆದರೆ ಅತ್ತೆ ಮುಂದೆ ಬರುತ್ತಿದ್ದರು. ಇಟ್ಟಿಗಿ ಊರಿನ ಉಂಡುಟ್ಟ ಮನೆತನದ ಮಗಳು, ಮಾತಿಗೆ ಬಡತನವಿರಲಿಲ್ಲ. "ಉಣ್ಣೋ ಗಂಡಸಿನ ಹೊಟ್ಟಿಗೆ ಕಣ್ಣ ಹಾಕಬ್ಯಾಡ. ಹೊಟ್ಟಿ ಇದ್ರ ಮನಿ ತುಂಬೈತಿ ಅಂತ ನಾಕ ಮಂದಿಗೆ ತಿಳೀತೈತಿ." ಮಗ ನಗುತ್ತ ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ತಾಯಿ ಮಗ ಇಬ್ಬರಿಗೂ ನಾನು ಹೊಟ್ಟೆಕಿಚ್ಚಿನವಳು.

ನಮ್ಮ ಕಡೆ ಗಂಡಸಿನ ಸೊಂಟದಲ್ಲಿ ಉಡದಾರ ಇರಲೇಬೇಕು. ತೊಟ್ಟಿಲಲ್ಲಿದ್ದಾಗ ಕಟ್ಟುವ ಕರಿ ದಾರ ಅದು. ಹಳತಾದರೆ ಹೊಸದನ್ನು ಕಟ್ಟಿಕೊಂಡೇ ಹಳೆಯದನ್ನು ತೆಗೆಯುತ್ತಾರೆ. ಹೆಂಡತಿ ಸತ್ತಾಗ ಗಂಡನ ಉಡದಾರ ಹರಿಯುತ್ತಾರೆ. ಅದಕ್ಕೇ ದಾರ ತಾನಾಗಿ ಹರಿದರೆ ಹೆಂಡತಿಗೆ ಕೇಡು ಎಂದು ಮಾತು. ಹಗರಿಬೊಮ್ಮನಹಳ್ಳಿಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ ಇವರ ಉಡದಾರ ಪಟ್ಟನೆ ಹರಿಯಿತು. ಅತ್ತೆ ಎಲೆ ಬಿಟ್ಟು ಎದ್ದು ನನ್ನ ಮುಖ ನೋಡಿದರು. "ದಾರ ಬೆಳೀಲಿಲ್ಲ, ಹೊಟ್ಟಿ ಬೆಳೀತು, ಅಷ್ಟ" ಎಂದೆ. ಮನೆಗೆ ಬಂದು ಹೊಸದನ್ನು ನಾನೇ ಕಟ್ಟಿದೆ. ಬಿಗಿಯಾಗಬಾರದೆಂದು ಎರಡು ಬೆರಳು ಸಡಿಲ ಬಿಟ್ಟು, ಗಂಟಿಗೆ ನೀರು ಹಚ್ಚಿ ಎಳೆದಿದ್ದೆ.

ಅದಾದ ಕೆಲವೇ ದಿನಕ್ಕೆ ಒಂದು ಭಾನುವಾರ. ಊಟ ಮಾಡಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ನಾನು ಎದುರಿಗೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅವರು ಎದ್ದು ಬಚ್ಚಲಿಗೆ ಹೋದರು. ಚಾಪೆ ಸುತ್ತಲು ಹೋದ ನನಗೆ ಕಂಡದ್ದು ಉಡದಾರ. ಚಾಪೆಯ ನಡುವೆ ದುಂಡಗೆ ಬಿದ್ದಿತ್ತು. ಹರಿದಿರಲಿಲ್ಲ. ಬಿಚ್ಚಿರಲಿಲ್ಲ. ನಾನು ಹಾಕಿದ ಗಂಟು ಹಾಗೇ ಇತ್ತು.

ಸುಮ್ಮನೆ ಬಿಡುವವಳಲ್ಲ ನಾನು. ಜಾರಿರಬೇಕು ಎಂದು ಅವರನ್ನು ನಿಲ್ಲಿಸಿ ಕಾಲಿನಿಂದ ಏರಿಸಿ ನೋಡಿದೆ, ತೊಡೆಯಲ್ಲೇ ಸಿಕ್ಕಿಕೊಂಡಿತು. ತಲೆಯಿಂದ ಇಳಿಸಿದೆ, ಹೆಗಲು ದಾಟಲಿಲ್ಲ. "ಏನ್ ಲೇ, ಎತ್ತಿಗೆ ಹಗ್ಗ ಹಾಕ್ದಂಗ ಹಾಕ್ತಿ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲೂ ಇಳಿಯದ ದಾರ ಸೊಂಟದಿಂದ ಹೊರಗೆ ಬಂದದ್ದು ಹೇಗೆ?

ಅತ್ತೆಗೆ ಉತ್ತರ ಸಿದ್ಧವಿತ್ತು. "ಇಕಿಗೆ ಗಂಡಾಂತರ ಐತಿ. ದವಾಖಾನಿಗೆ ಕರ್ಕೊಂಡು ಹೋಗು. ನನ್ನ ಮಗ ಈ ವಯಸ್ಸಿನ್ಯಾಗ ಕೈ ಸುಟ್ಕೊಂಡು ಅನ್ನ ಮಾಡ್ಕೋಬೇಕೇನು?" ನನ್ನ ಜೀವಕ್ಕಿಂತ ಮಗನ ಅನ್ನದ ಚಿಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ ಇವರು ನನ್ನನ್ನು ಎಳೆದುಕೊಂಡು ಹೋದರು.

ಡಾಕ್ಟರು ನನ್ನನ್ನು ನೋಡಿ, "ನಿಮಗೇನೂ ಇಲ್ಲಮ್ಮ, ಆರಾಮದೀರಿ" ಎಂದರು. ಆಮೇಲೆ ಅವರ ಕಣ್ಣು ಪಕ್ಕದ ಕುರ್ಚಿಯ ಹೊಟ್ಟೆಯ ಮೇಲೆ ಬಿತ್ತು. ಟೇಪು ತೆಗೆದು ಇವರ ಹೊಟ್ಟೆಯ ಸುತ್ತ ಹಾಕಿದರು. ಬಿ.ಪಿ. ನೋಡಿದರು. ಮರುದಿನ ಖಾಲಿ ಹೊಟ್ಟೆಯಲ್ಲಿ ಕರೆಸಿ ರಕ್ತ ತೆಗೆಸಿದರು. ಎಲ್ಲವೂ ಹದ ತಪ್ಪಿತ್ತು. "ಹೊಟ್ಟಿ ಸುತ್ತ ಕೊಬ್ಬು, ಬಿ.ಪಿ., ಸಕ್ಕರಿ, ರಕ್ತದಾಗಿನ ಕೊಬ್ಬು, ಇವು ಗುಂಪು ಕಟ್ಕೊಂಡ ಬರ್ತಾವ ನೋಡ್ರಿ. ಮೆಟಬಾಲಿಕ್ ಸಿಂಡ್ರೋಮ್ ಅಂತೀವಿ. ಹಾರ್ಟಿಗೆ ರಕ್ತ ಒಯ್ಯೋ ನಾಳ ಒಳಗಿಂದೊಳಗ ಕಟ್ಕೊಂತ ಹೋಗ್ತಾವ. ನೋವು ಬರ್ಲಿ ಅಂತ ಕಾಯಬ್ಯಾಡ್ರಿ, ದಾವಣಗೆರೆಗೆ ಹೋಗಿ ಹಾರ್ಟ್ ತೋರಿಸ್ರಿ."

ಇವರು ನಕ್ಕರು. "ದಾರ ಕಳಚಿದ್ದು ಅಕಿ ಸಲುವಾಗಿ ಸಾಹೇಬ್ರ. ಅಕಿನ್ನ ಇನ್ನೊಂದ್ಸಲ ನೋಡ್ರಿ."

ಆ ಮಾತು ಕೇಳಿ ಅಲ್ಲೇ ಚೀರಬೇಕೆನಿಸಿತು. ಮನೆಗೆ ಬಂದು ಚೀರಿದೆ ಕೂಡ. ತುಪ್ಪದ ಡಬ್ಬಿ ಬೀಗ ಹಾಕಿಟ್ಟೆ, ಅತ್ತೆ ಬೀಗ ಒಡೆಸಿದರು. ದಾವಣಗೆರೆಗೆ ಹೋಗೋಣ ಎಂದರೆ "ಸುಗ್ಗಿ ಮುಗೀಲಿ". ಮಾತ್ರೆ ನುಂಗಿ ಎಂದರೆ "ನನಗೇನಾಗೈತಿ?" ಅಂಗಡಿಯಲ್ಲಿ ಎದೆ ಬಿಗಿಯಿತು ಎಂದು ಸೋಡಾ ಕುಡಿಯುತ್ತಿದ್ದರಂತೆ, ಗ್ಯಾಸ್ ಅನ್ನುತ್ತಿದ್ದರಂತೆ. ನನಗೆ ಗೊತ್ತಾದದ್ದು ಆಮೇಲೆ. ಅತ್ತೆ ಕೊಟ್ಟೂರಿನ ಗುಡಿಯಿಂದ ಹೊಸ ದಾರ ತರಿಸಿ, ಇನ್ನು ಕಳಚಬಾರದೆಂದು ಬಿಗಿದು ಕಟ್ಟಿದರು.

ಅದಕ್ಕಿಂತ ಸಿಟ್ಟು ಬರಿಸುವುದು ಇನ್ನೊಂದಿದೆ. ಆ ಮನುಷ್ಯ ನಿಜವಾಗಿ ಹೆದರಿದ್ದರು, ನನ್ನ ಸಲುವಾಗಿ. ದಿನಾ ದಾಳಿಂಬೆ ತಂದು ಬಿಡಿಸಿ ಬಟ್ಟಲಲ್ಲಿಟ್ಟು, ನಾನು ತಿನ್ನುವವರೆಗೂ ಏಳುತ್ತಿರಲಿಲ್ಲ. ನನಗೆ ಕೆಮ್ಮು ಬಂದರೆ ಅವರ ಮುಖ ಬಾಡುತ್ತಿತ್ತು. ಅಷ್ಟು ಕಾಳಜಿಯಲ್ಲಿ ಒಂದು ಹಿಡಿಯನ್ನು ತಮ್ಮ ಎದೆಗೆ ಇಟ್ಟುಕೊಳ್ಳಬಾರದಿತ್ತೇ?

ಸುಗ್ಗಿಯ ನಡುವೆಯೇ, ಬೆಳಗಿನ ಹೊತ್ತು, ಅಂಗಡಿಯ ಮುಂದಿನ ಮೆಕ್ಕೆಜೋಳದ ರಾಶಿಯ ಪಕ್ಕ ಕುಸಿದರು. ಮೈಯೆಲ್ಲ ಬೆವರಿತ್ತಂತೆ, ಎಡಗೈ ಹಿಡಿದುಕೊಂಡಿದ್ದರಂತೆ. ದಾವಣಗೆರೆಯ ದಾರಿಯಲ್ಲೇ ಜೀವ ಹೋಯಿತು. ಕೊನೆಗೂ ದಾವಣಗೆರೆಗೆ ಹೊರಟದ್ದು ಹಾಗೆ.

ಅತ್ತೆ ಹೆಣದ ಮುಂದೆಯೇ ನನ್ನ ಕಡೆ ಕೈ ಚಾಚಿ, "ಇಕಿ ಗಂಡಾಂತರಾನ ನನ್ನ ಮಗ ಹೊತ್ಕೊಂಡು ಹೋದ" ಎಂದು ಎದೆ ಬಡಿದುಕೊಂಡರು. ಜಳಕ ಮಾಡಿಸುವಾಗ ಇವರ ದೊಡ್ಡಪ್ಪ ಕುಡುಗೋಲು ಕೇಳಿದರು. "ಉಡದಾರ ಕೊಯ್ರಿ. ಹೋಗೋನ ಸಂಗಡ ಒಂದ ಎಳಿ ದಾರನೂ ಹೋಗಬಾರದು."

ಬಾಗಿಲಲ್ಲಿ ನಿಂತಿದ್ದ ನನಗೆ ಆಗ ಹೊಳೆಯಿತು. ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಗಂಡಸಿನ ಉಡದಾರ ಹರಿಯುವುದು ಎರಡು ಸಾವಿಗೆ. ಒಂದು ಹೆಂಡತಿಯದು, ಇನ್ನೊಂದು ಅವನದೇ. ಮನೆ ಮಂದಿಯೆಲ್ಲ ಮೊದಲನೆಯದನ್ನೇ ಹಿಡಿದುಕೊಂಡು ಕೂತಿದ್ದರು. ಬಿಗಿದ ದಾರ ಹೊಟ್ಟೆಯ ಮಡಿಕೆಯಲ್ಲಿ ಹೂತುಹೋಗಿತ್ತು, ಕೊಯ್ಯಲು ಬಹಳ ಹೊತ್ತು ಹಿಡಿಯಿತು. ಡಾಕ್ಟರ ಟೇಪು ಹಾದದ್ದೂ ಅದೇ ಜಾಗದಲ್ಲಿ.

ಚಾಪೆಯ ಮೇಲೆ ಸಿಕ್ಕ ಆ ದಾರ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಎಷ್ಟೋ ಸಲ ತೆಗೆದು ನೋಡಿದ್ದೇನೆ, ಗಂಟು ನನ್ನದೇ. ಹೇಗೆ ಹೊರಬಂತೆಂದು ಇವತ್ತಿಗೂ ನನಗೆ ತಿಳಿಯದು. ಏನೋ ಹೇಳಲು ಬಂದಿತ್ತು ಅನ್ನುವುದಾದರೆ, ನೆಟ್ಟಗೆ ಹೇಳಲು ಅದಕ್ಕೇನು ಧಾಡಿಯಾಗಿತ್ತು?

ಅವರು ಕುಸಿದ ಆ ಬೆಳಿಗ್ಗೆ, ಅಂಗಡಿಗೆ ಹೊರಟವರು ಬಾಗಿಲಿಂದ ಹಿಂದಿರುಗಿ ಬಂದು, ನನ್ನ ಸ್ಕೂಟಿಯ ಕೀಲಿ ಕಿತ್ತುಕೊಂಡಿದ್ದರು. "ಗಾಡಿ ಹೊಡೀಬ್ಯಾಡ, ಬಸ್ಸಿಗೆ ಹೋಗು ಲೇ. ನಿನಗೇನರ ಆದ್ರ ನನ್ನ ಗತಿ ಏನು?" ಸಂಜೆ ಜಳಕ ಮಾಡಿಸಿದವರು ಅವರ ಅಂಗಿಯನ್ನು ನನ್ನ ಕೈಗೆ ಕೊಟ್ಟರು. ಕೀಲಿ ಜೇಬಿನಲ್ಲೇ ಇತ್ತು.